ತಂಬೂರಿಯ ಮೈಕು

ಗಂಟಲಿಗೆ ಸೆರಗು ಸುತ್ತಿಕೊಂಡು ದವಾಖಾನೆಯ ಬೆಂಚಿನ ಮೇಲೆ ಸರದಿ ಕಾಯುತ್ತ ಕೂತಿದ್ದೀರಾದರೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಒಳಗೆ ಡಾಕ್ಟರು ‘ನೀವೇನು ಕೆಲಸ ಮಾಡ್ತೀರಿ?’ ಎಂದು ಕೇಳಿದರೆ ಉತ್ತರ ನೀವೇ ಕೊಡಿ. ಜೊತೆಗೆ ಬಂದವರಿಗೆ ಬಿಡಬೇಡಿ. ಅವರು ನಿಮ್ಮನ್ನು ಎಷ್ಟೇ ಅಕ್ಕರೆಯಿಂದ ಸಾಕಿದವರಾಗಿರಲಿ. ಸೂಜಿ, ಸ್ಕ್ಯಾನು, ಹೊಲಿಗೆ, ಗುಳಿಗೆ ಎಲ್ಲವನ್ನೂ ಹೇಗೋ ತಡೆದುಕೊಳ್ಳಬಹುದು, ಬೇರೆಯವರು ಕೊಟ್ಟ ಆ ಉತ್ತರವನ್ನು ಆಗದು.

ನನಗೀಗ ಐವತ್ಮೂರು. ಇರುವುದು ಸಿಂಧನೂರಿನಲ್ಲಿ. ಕಳೆದ ವರ್ಷ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಗಂಟು ಸಿಕ್ಕಿತು, ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಈಗ ಬಾಯಿ ತೆರೆದರೆ ಬರುವುದು ಗಾಳಿ ಬೆರೆತ ಪಿಸುಮಾತು. ಸಂತೆಯಲ್ಲಿ ಬದನೆಕಾಯಿ ಕೊಳ್ಳಲು ಅಷ್ಟು ಸಾಕು. ನನಗೆ ಸಾಲದು. ಯಾಕೆಂದರೆ ನಾನು ಹಾಡುತ್ತಿದ್ದೆ. ಈ ಎರಡು ಪದ ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು ನೋಡಿ.

ಅಕ್ಕನ ಹೆಸರು ಹೇಳಿದರೆ ನಿಮಗೆ ಗೊತ್ತಾಗುತ್ತದೆ, ಹಾಗಾಗಿ ಅಕ್ಕ ಎಂದೇ ಬರೆಯುತ್ತೇನೆ. ಈ ಭಾಗದಲ್ಲಿ ಶಾಸ್ತ್ರೀಯ ಸಂಗೀತವೆಂದರೆ ಜನ ಅವಳ ಹೆಸರು ಹೇಳಿ ಕೈ ಮುಗಿಯುತ್ತಾರೆ. ನಮ್ಮಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸಗಾರ. ಕಂಪನಿ ಕೊಟ್ಟ ಎರಡು ಕೋಣೆಯ ಮನೆ. ಗಣಿಯ ಸೈರನ್ ಕೂಗಿದಾಗ ಅದಕ್ಕೆ ಸರಿಯಾಗಿ ಶ್ರುತಿ ಹಿಡಿದು ‘ಸಾ’ ಎಂದ ಹುಡುಗಿ ಅಕ್ಕ. ಅಪ್ಪ ಅವಳನ್ನು ಲಿಂಗಸುಗೂರಿನ ಒಬ್ಬ ಹಿರಿಯ ಗವಾಯಿಗಳ ಹತ್ತಿರ ಬಿಟ್ಟ. ಅವಳಿಗೆ ಹದಿಮೂರು ಆದಾಗ ನಾನು ಹುಟ್ಟಿದೆ, ನನಗೆ ಎರಡು ತುಂಬುವುದರೊಳಗೆ ಅವ್ವ ಹೋದಳು. ಆಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿದವಳು, ಜ್ವರ ಬಂದಾಗ ತೊಡೆಯ ಮೇಲೆ ಹಾಕಿಕೊಂಡು ಕೂತವಳು, ಸರಿಗಮ ಕಲಿಸಿದವಳು, ತಪ್ಪಿದರೆ ಬೆರಳ ಗಂಟಿನಿಂದ ನೆತ್ತಿಗೆ ಕುಟ್ಟಿದವಳು ಅಕ್ಕ. ನನಗಾಗಿಯೇ ಮದುವೆಯಾಗಲಿಲ್ಲ ಎಂದು ಜನ ಹೇಳುತ್ತಾರೆ. ಅವಳು ಅದನ್ನು ಎಂದೂ ಅಲ್ಲ ಎಂದಿಲ್ಲ.

ಆಮೇಲೆ ರೇಡಿಯೊ, ಹುಬ್ಬಳ್ಳಿ, ಪುಣೆ, ದೊಡ್ಡ ದೊಡ್ಡ ಸಭೆಗಳು. ನಡುವೆ ಸಿಂಧನೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತದ ಮೇಷ್ಟ್ರಿಕೆ. ನಾನು ಇಪ್ಪತ್ತನೆಯ ವಯಸ್ಸಿನಿಂದ ಅವಳ ಹಿಂದೆ ತಂಬೂರಿ ಹಿಡಿದು ಕೂತೆ. ಹಾಡುವವರು ಉಸಿರು ತೆಗೆದುಕೊಳ್ಳುವಾಗ ಹಿಂದೆ ಕೂತ ಶಿಷ್ಯರು ದನಿಗೂಡಿಸುವುದು ನಮ್ಮಲ್ಲಿ ಪದ್ಧತಿ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಜೊತೆಗೆ ನನಗೊಂದು ನೋಟ್‌ಬುಕ್ಕಿನ ಕೆಲಸ. ಇದು ಗವಾಯಿಗಳ ಮನೆಯಿಂದ ಬಂದ ರೂಢಿ. ಕಛೇರಿಯ ಊರು, ರಾಗ, ಉಟ್ಟ ಸೀರೆ, ತಿಂದದ್ದು, ಗಂಟಲು ಹೇಗಿತ್ತು. ಕೊನೆಯ ಸಾಲು ಯಾವಾಗಲೂ ಒಂದೇ: ಮೇಲಿನ ಸಾ. ಅಂದರೆ ಮೇಲಿನ ಷಡ್ಜ ಗಟ್ಟಿಯಾಗಿ ನಿಂತಿತೋ ಇಲ್ಲವೋ. ಹಾಡುವವರ ಆರೋಗ್ಯ ಅಲ್ಲಿ ಗೊತ್ತಾಗುತ್ತದೆ ಎಂದು ಗವಾಯಿಗಳು ಹೇಳುತ್ತಿದ್ದರಂತೆ. ಮೂವತ್ತೊಂದು ನೋಟ್‌ಬುಕ್ಕು ತುಂಬಿಸಿದ್ದೇನೆ.

ಒಂಬತ್ತು ಹತ್ತು ವರ್ಷದ ಹಿಂದೆ ಮಸ್ಕಿಯಲ್ಲಿ ಒಂದು ಕಛೇರಿ. ಅಕ್ಕ ಮೇಲಿನ ಸಾ ಸ್ವರಕ್ಕೆ ಹೋದಳು. ದನಿ ಒಡೆಯಿತು. ಇನ್ನೂ ಪೂರ್ತಿ ಒಡೆದಿರಲಿಲ್ಲ, ಒಡೆಯುವ ಮುಂಚಿನ ಆ ಕೂದಲೆಳೆಯಷ್ಟು ಹೊತ್ತಿನಲ್ಲಿ ನಾನು ಹಿಂದಿನಿಂದ ಹಿಡಿದುಬಿಟ್ಟೆ. ಬೀಳುವ ಪಾತ್ರೆಯನ್ನು ಕೈ ತಾನೇ ಹೋಗಿ ಹಿಡಿಯುತ್ತದಲ್ಲ, ಹಾಗೆ. ನಮ್ಮಿಬ್ಬರ ದನಿಯ ಬಣ್ಣ ಒಂದೇ. ಅವಳು ಬಾಯಿ ತೆರೆದೇ ಇದ್ದಳು. ಜನ ಚಪ್ಪಾಳೆ ತಟ್ಟಿದರು. ಆ ರಾತ್ರಿ ನೋಟ್‌ಬುಕ್ಕಿನಲ್ಲಿ ‘ಮೇಲಿನ ಸಾ ಚೆನ್ನಾಗಿ ನಿಂತಿತು’ ಎಂದು ಬರೆದೆ. ಸುಳ್ಳೇನಲ್ಲ, ನಿಂತಿತ್ತು.

ಅಕ್ಕ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಂದಿನ ಕಛೇರಿಯಲ್ಲಿ ಮಾತ್ರ ಮೈಕಿನವನಿಗೆ ಹೇಳಿದಳು:

“ತಮ್ಮಾ, ಆ ತಂಬೂರಿ ಮೈಕು ಸ್ವಲ್ಪ ಮ್ಯಾಲಕ್ಕ ಮಾಡು. ಅಕಿ ಗದ್ದದ ಹಂತ್ಯಾಕ ಬರಲಿ.”

“ತಂಬೂರಿ ಕೆಳಗೈತಲ್ರೀ ಬಾಯಾರ?”

“ನೀ ಹೇಳಿದಷ್ಟು ಮಾಡು.”

ಅಂದಿನಿಂದ ಅದೇ ಪದ್ಧತಿಯಾಯಿತು. ಆ ಸ್ವರ ಬರುವ ಹೊತ್ತಿಗೆ ಅಕ್ಕ ತುಸು ಹಿಂದಕ್ಕೆ ವಾಲುವಳು. ಮೊಣಕಾಲ ಮೇಲಿನ ಎಡಗೈ ಬಿಚ್ಚುವುದು. ಅದು ನನಗೆ ಹೇಳಿದಂತೆ. ಏಳೆಂಟು ವರ್ಷ ‘ಈ ವಯಸ್ಸಿನಲ್ಲೂ ಎಂಥ ಸಾ!’ ಎಂದು ಪೇಪರಿನಲ್ಲಿ ಬರೆದದ್ದೆಲ್ಲ ತಂಬೂರಿಯ ಮೈಕಿನಿಂದ ಹೋದದ್ದು. ನನಗೆ ಬೇಸರವಿತ್ತೇ ಎಂದರೆ, ಆಗ ಇರಲಿಲ್ಲ. ಹಬ್ಬದ ದಿನ ಒಳಗೆ ಹೋಳಿಗೆ ಮಾಡಿದವಳಿಗೆ ಹೊರಗೆ ಜನ ಚಪ್ಪರಿಸುವುದು ಕೇಳಿದರೆ ಆಗುತ್ತದಲ್ಲ, ಅಂಥ ಒಂದು ಕಳ್ಳ ಸಂತೋಷವಿತ್ತು.

ನನ್ನ ದನಿಯಲ್ಲಿ ಮೊದಲು ಹೋದದ್ದು ಅದೇ ಸ್ವರ. ಅಕ್ಕನದು ನಮ್ಮ ಗೋಡೆಯಾಚೆಯ ಮನೆ, ಅದರ ಮುಂದಿನ ಕೋಣೆಯಲ್ಲಿ ಬೆಳಗಿನ ಅಭ್ಯಾಸ ಮಾಡುತ್ತಿದ್ದೆವು. ಮೇಲೆ ಹೋದೆ, ದನಿ ಸೀಳಿತು. ಹರಿದ ಸೀರೆಯ ಅಂಚಿನ ಹಾಗೆ ಎರಡು ಎಳೆಯಾಗಿ ಬಂತು. ಆಮೇಲೆ ಮಾತೂ ಗೊಗ್ಗರಾಯಿತು. ರೊಟ್ಟಿಯ ತುತ್ತು ಇಳಿಯುವಾಗ ಏನೋ ತಡೆದಂತೆ.

“ಖರಜ ಬಿಟ್ಟೀ ನೀ,” ಎಂದಳು ಅಕ್ಕ. “ಬುಡ ಗಟ್ಟಿ ಇಲ್ಲದ ಮ್ಯಾಲೆಲ್ಲಿ ನಿಲ್ಲತೈತಿ? ನಾಳಿಂದ ಹೊತ್ತು ಮೂಡೂ ಮುಂಚೆ ಒಂದು ತಾಸು ಕುಂದ್ರು.”

ಖರಜವೆಂದರೆ ತೀರ ಕೆಳಗಿನ ಸಾ. ನಸುಕಿನಲ್ಲಿ ಅದೊಂದೇ ಸ್ವರವನ್ನು ಹಿಡಿದು ಕೂರುವುದು. ನಮ್ಮ ಗುರುಮನೆಯಲ್ಲಿ ಗಂಟಲಿನ ಯಾವ ತೊಂದರೆಗೂ ಅದೇ ಔಷಧ. ಗವಾಯಿಗಳು ಶೀತಕ್ಕೂ ಅದನ್ನೇ ಹೇಳುತ್ತಿದ್ದರು, ದುಃಖಕ್ಕೂ ಅದನ್ನೇ. ನಾನು ಏಳು ತಿಂಗಳು ಕೂತೆ. ಮೊಸರು ಬಿಟ್ಟೆ, ಹುಣಸೆ ಬಿಟ್ಟೆ, ಜ್ಯೇಷ್ಠಮಧು ಅಗಿದೆ. ಒಳಗೆ ಗಂಟು ಬೆಳೆಯುತ್ತಿತ್ತು, ಮೇಲೆ ನಾನು ಸಾ ಎನ್ನುತ್ತಿದ್ದೆ. ದನಿ ಕೆಟ್ಟಷ್ಟೂ ನನ್ನ ಅಭ್ಯಾಸ ಸಾಲದೆಂದು ನಾಚಿಕೆ. ರೋಗಕ್ಕೆ ನಾಚಿಕೆಪಟ್ಟುಕೊಂಡವರು ಬೇರೆ ಯಾರಾದರೂ ಇದ್ದಾರೋ ಏನೋ.

ನಮ್ಮ ಮನೆಯವರು ಬಸ್ ಕಂಡಕ್ಟರು. ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರು, ದಿನಕ್ಕೆ ಎರಡು ಸಲ ಹೋಗಿ ಬರುವುದು. ಸಂಗೀತ ಅವರಿಗೆ ಅಷ್ಟಕ್ಕಷ್ಟೆ. ಆದರೆ ದನಿಯ ಗುರುತು ಅವರಿಗೆ ಚೆನ್ನಾಗಿದೆ. ಹಿಂದಿನ ಸೀಟಿನಲ್ಲಿ ಕೆಮ್ಮಿದವರು ಯಾವ ಊರಿನವರೆಂದು ಹೇಳಿಯಾರು. ಒಂದು ದಿನ ಊಟಕ್ಕೆ ಕೂತವರು ಕೈ ತಡೆದರು.

“ಕಮಲಾ, ಇದು ಹಾಡಿ ಕೆಟ್ಟ ದನಿ ಅಲ್ಲ. ಒಳಗೇನೋ ಐತಿ. ದವಾಖಾನಿಗೆ ನಡಿ.”

“ಅಕ್ಕ ಹೇಳ್ಯಾಳ, ಖರಜ...”

“ನಿಮ್ಮಕ್ಕ ಡಾಕ್ಟರ ಏನು? ಎಂಜಿನ್ ಗೊರಗೊರ ಅಂದ್ರ ಡ್ರೈವರ್ ಇನ್ನಷ್ಟು ಎಕ್ಸಲೇಟರ್ ಒತ್ತತಾನೇನು? ಇಳದು ನೋಡ್ತಾನ. ನಡಿ ಅಂದ್ರ ನಡಿ.”

ಸಿಂಧನೂರಿನಲ್ಲಿ ಸ್ಕ್ಯಾನ್ ಮಾಡಿದವರು ಚೀಟಿ ಬರೆದು ರಾಯಚೂರಿಗೆ ಕಳಿಸಿದರು. ಅಲ್ಲಿ ಮೂಗಿನೊಳಗಿಂದ ಸಣ್ಣ ಕ್ಯಾಮರಾ ಬಿಟ್ಟು ನೋಡಿದರು. ಕುತ್ತಿಗೆಗೆ ಸೂಜಿ ಚುಚ್ಚಿ ರಸ ತೆಗೆದರು. ಫಲಿತಾಂಶದ ದಿನ ನಮ್ಮವರಿಗೆ ಡ್ಯೂಟಿ ತಪ್ಪಿಸಲಾಗಲಿಲ್ಲ. ಅಕ್ಕ ಬಂದಳು. ಇದು ಹೀಗಾಗಬಾರದಿತ್ತು ಎಂದು ನಾನು ಒಂದೊಂದು ಸಲ ಅಂದುಕೊಳ್ಳುತ್ತೇನೆ. ಬಸ್ಸಿನ ಒಂದು ದಿನದ ಪಾಳಿ.

ಕಾಯುವ ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಬಂಗಾಲಿ ಹೆಂಗಸು. ಬಂಗಾಲದಿಂದ ಬಂದ ನಿರಾಶ್ರಿತರು ನೆಲೆಸಿದ ಸಿಂಧನೂರಿನ ಆರ್.ಎಚ್. ಕ್ಯಾಂಪಿನವಳು, ಗಂಡನ ಗಂಟಲಿಗೆಂದು ಬಂದಿದ್ದಳು. ಕೈಯಲ್ಲಿ ಶಂಖದ ಬಿಳಿ ಬಳೆ, ಮಾತು ಮಾತ್ರ ಅಪ್ಪಟ ನಮ್ಮ ಸಿಂಧನೂರಿನದು. ಚೀಲದಿಂದ ಚುರುಮುರಿ ತೆಗೆದು ನನ್ನ ಸೆರಗಿಗೆ ಸುರಿದಳು.

“ತಿನ್ರೀ ಅಕ್ಕಾರ. ಹೆದರಿಕಿ ಅನ್ನೋದು ಖಾಲಿ ಹೊಟ್ಟ್ಯಾಗ ಜಾಸ್ತಿ ಆಗತೈತಿ. ನಾ ಇಲ್ಲಿ ಆರನೇ ಸಲ ಕುಂತೀನಿ. ಈ ಬೆಂಚಿಗೆ ನಮ್ಮ ಗುರ್ತು ಹತ್ತೇತಿ.”

ಬಾಯಿ ತುಂಬ ಚುರುಮುರಿ ಇರುವಾಗಲೇ ನನ್ನ ಹೆಸರು ಕೂಗಿದರು. ಉಗುಳುವಂತಿಲ್ಲ, ನುಂಗುವಂತಿಲ್ಲ. ಅವಳು ನನ್ನ ಬೆನ್ನು ಸವರಿ ಎಬ್ಬಿಸಿದಳು. ಆ ದಿನದ ಒಳ್ಳೆಯ ಸಂಗತಿ ಅದೊಂದೇ.

ಒಳಗೆ ಹೋದರೆ ಡಾಕ್ಟರು ನನ್ನನ್ನು ನೋಡಲೇ ಇಲ್ಲ. ಅಕ್ಕನನ್ನು ನೋಡಿ ಎದ್ದು ನಿಂತರು. ಬಗ್ಗಿ ಕಾಲು ಮುಟ್ಟಿದರು. ಲಿಂಗಸುಗೂರಿನವರಂತೆ, ಸಣ್ಣವರಿದ್ದಾಗಿನಿಂದ ಅಕ್ಕನ ಹಾಡು ಕೇಳಿ ಬೆಳೆದವರು.

“ಬಾಯಾರ, ಹೋದ ವರ್ಷ ನಮ್ಮೂರಾಗ ಆ ಮ್ಯಾಲಿನ ಸಾ ಹಚ್ಚಿದ್ರಲ್ಲ... ನಾ ಗಂಟಲಿನ ಡಾಕ್ಟರ್ ಅದೀನಿ, ನನಗ ತಿಳೀಲಿಲ್ಲ ನೋಡ್ರಿ. ಅರವತ್ತು ದಾಟಿದ ಗಂಟಲಿಗೆ ಅದು ಆಗೂ ಮಾತಲ್ರೀ.”

ಅಕ್ಕ ಕೈ ಮುಗಿದಳು. “ಗುರುಗಳ ಆಶೀರ್ವಾದ,” ಎಂದಳು.

ಆಮೇಲೆ ಅವರು ನನ್ನ ಕಾಗದ ಬಿಡಿಸಿದರು. ಮುಖ ಬದಲಾಯಿತು. ಕ್ಯಾನ್ಸರ್ ಎಂಬ ಪದವನ್ನು ಮೆತ್ತಗೆ, ಬಿಸಿ ಬಟ್ಟಲು ಇಟ್ಟ ಹಾಗೆ ಮೇಜಿನ ಮೇಲೆ ಇಟ್ಟರು. ಈ ಜಾತಿಯದು ಗುಣವಾಗುವಂಥದು, ಹೆದರಬೇಡಿ ಎಂದರು. ನನಗೆ ಆ ಹೊತ್ತಿನಲ್ಲಿ ಕಂಡದ್ದು ಅವರ ಮೇಜಿನ ಗಾಜಿನ ಕೆಳಗೆ ಸಿಕ್ಕಿಕೊಂಡಿದ್ದ ಒಂದು ಸತ್ತ ಇರುವೆ. ಅದನ್ನೇ ನೋಡುತ್ತ ಕೂತೆ.

“ತಂಗ್ಯಾರು ಏನು ಕೆಲಸ ಮಾಡ್ತಾರ್ರಿ? ದನಿ ಬೇಕಾಗೂ ಕೆಲಸೇನರ ಐತೇನು? ಪಾಠ ಹೇಳೋದು, ಹಾಡೋದು?”

ಕೇಳಿದ್ದು ನನ್ನನ್ನೋ ಅಕ್ಕನನ್ನೋ ತಿಳಿಯಲಿಲ್ಲ. ಅಕ್ಕನ ಕೈ ಅವಳ ಚೀಲದ ಹಿಡಿಕೆಯ ಮೇಲೆ ಬಿಗಿಯಿತು.

“ಇಲ್ರಿ,” ಎಂದಳು. “ಮನಿ ನೋಡ್ಕೊಂತಾಳ. ನನಗ ತಂಬೂರಿ ಹಿಡೀತಾಳ.”

ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ. ಹೌದು ಎಂದು. ಇದನ್ನು ಅಕ್ಕನೊಬ್ಬಳ ಮೇಲೆ ಹಾಕಿ ಕೈ ತೊಳೆದುಕೊಳ್ಳಲಾರೆ. ಅವರು ಎದುರಿಗೆ ನಿಂತು ಆ ಸಾ ಸ್ವರವನ್ನು ಹೊಗಳಿ ಐದು ನಿಮಿಷವಾಗಿರಲಿಲ್ಲ. ಅದು ನಾನು ಎಂದು ಹೇಳುವುದು ಹೇಗೆ? ಹಾಡುತ್ತೇನೆ ಎಂದಷ್ಟೇ ಹೇಳಬಹುದಿತ್ತು ಎಂದು ಈಗ ಹೊಳೆಯುತ್ತದೆ. ಆಗ ಹಾಡುತ್ತೇನೆ ಎನ್ನುವುದೂ ಗುಟ್ಟು ಒಡೆದಂತೆಯೇ ಅನ್ನಿಸಿತ್ತು.

ಡಾಕ್ಟರು ಬರೆದುಕೊಂಡರು: ಗೃಹಿಣಿ.

“ಗಂಟು ದನಿಯ ನರಕ್ಕ ಹತ್ತೇತಿ ಅಂತ ಕಾಣತೈತ್ರಿ. ಉಳಸಾಕ ನೋಡ್ತೀನಿ. ಉಳೀದಿದ್ರ ದನಿ ಸ್ವಲ್ಪ ಸಣ್ಣಾಗಬಹುದು, ಮನ್ಯಾಗಿನ ಮಾತಿಗೇನು ಅಡ್ಡಿ ಇಲ್ಲ. ಹಾಡವರಾಗಿದ್ರ ಬ್ಯಾರೆ ಮಾತು. ನಾನ ಹೈದರಾಬಾದಿಗೆ ಕಳಸ್ತಿದ್ದೆ. ಅಲ್ಲಿ ನರ ಹುಡುಕ್ಕೊಂತ ಕೊಯ್ಯೂ ಮಷೀನ್ ಅದಾವು.”

ಆಗಲಾದರೂ ಅಕ್ಕ ಬಾಯಿ ಬಿಡುತ್ತಾಳೆಂದು ಕಾದೆ. ಅವಳು ನಾನು ಬಿಡುತ್ತೇನೆಂದು ಕಾದಳೇನೋ. ಗೋಡೆಯ ಫ್ಯಾನು ಅತ್ತಿಂದಿತ್ತ ತಿರುಗುತ್ತಿತ್ತು. ಶಸ್ತ್ರಚಿಕಿತ್ಸೆಗೆ ಮುಂದಿನ ಸೋಮವಾರ ಎಂದಾಯಿತು.

ಸಂಜೆ ಮನೆಯಲ್ಲಿ ನಮ್ಮವರಿಗೆ ಎಲ್ಲ ಹೇಳಿದೆ, ಆ ಪ್ರಶ್ನೆಯೊಂದನ್ನು ಬಿಟ್ಟು. ಅವರಿಗೆ ಅದು ತಿಳಿದದ್ದು ಆಪರೇಷನ್ ಆದ ಮೇಲೆ, ಬಿಡುಗಡೆಯ ಕಾಗದದಲ್ಲಿ ‘ಗೃಹಿಣಿ’ ಎಂದಿದ್ದನ್ನು ಓದಿ.

ಎಚ್ಚರವಾದಾಗ ನರ್ಸಮ್ಮ ನನ್ನ ಹೆಸರು ಕೇಳಿದಳು. ಹೇಳಿದೆ. ತುಟಿ ಆಡಿದವು, ಗಾಳಿ ಬಂತು. ಅರವಳಿಕೆ ಇಳಿದ ಮೇಲೆ ಸರಿಹೋಗುತ್ತದೆ ಎಂದುಕೊಂಡೆ. ಮಧ್ಯಾಹ್ನ ಅಕ್ಕ ಒಳಗೆ ಬಂದಳು. ನೋವಿದೆಯಾ ಎನ್ನಲಿಲ್ಲ. ಮಂಚದ ಅಂಚಿಗೆ ಕೂತು, ನನ್ನ ಮುಖದ ಹತ್ತಿರ ಕಿವಿ ತಂದು, “ಒಂದು ಸಾ ಅನ್ನು, ಕಮಲಿ,” ಎಂದಳು.

ಅಂದೆ. ಸೈಕಲ್ ಟ್ಯೂಬಿನಿಂದ ಗಾಳಿ ಬಿಟ್ಟ ಸದ್ದು.

ಅಕ್ಕ ಎದ್ದು ಹೊರಗೆ ಹೋದಳು. ಮೆಟ್ಟಿಲ ಹತ್ತಿರ ನಿಂತು ಬಹಳ ಹೊತ್ತು ಅತ್ತಳೆಂದು ಆಮೇಲೆ ಆ ಕ್ಯಾಂಪಿನ ಹೆಂಗಸು ಹೇಳಿದಳು. “ನಿಮ್ಮಕ್ಕಗ ನೀವಂದ್ರ ಭಾಳ ಜೀವ ರೀ,” ಎಂದಳು. ಇರಬಹುದು. ಯಾವುದಕ್ಕೆ ಅತ್ತಳೆಂದು ನಾನು ಕೇಳಿಲ್ಲ.

ನಮ್ಮವರು ಆ ಕಾಗದ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ ಬಂದರು. ನರ ಗಂಟಿನೊಳಗೇ ಸಿಕ್ಕಿತ್ತು, ಹೈದರಾಬಾದಿನಲ್ಲಿಯೂ ಉಳಿಯುತ್ತಿತ್ತೋ ಇಲ್ಲವೋ ಹೇಳಲಾಗದು ಎಂದರಂತೆ. ಹೇಳಲಾಗದು ಎಂಬ ಮಾತಿನ ಜೊತೆ ಬದುಕುವುದು ಕಷ್ಟ. ಆಗುತ್ತಿರಲಿಲ್ಲ ಎಂದಿದ್ದರೆ ಅತ್ತು ಮುಗಿಸುತ್ತಿದ್ದೆ. ನಮ್ಮವರು ನನ್ನ ಎದುರು ಸ್ಟೂಲಿನ ಮೇಲೆ ಕೂತರು.

“ಅಕಿ ಅಂದ್ಲು, ಆತು. ನೀ ಯಾಕ ಗೋಣು ಹಾಕಿದಿ? ಮೂವತ್ತು ವರ್ಷ ಹಿಂದ ಕುಂತು ಕುಂತು ಬಾಯಿ ಐತಿ ಅನ್ನೋದ ಮರ್ತೇನು?”

ಅವರ ಕೈಯಿಂದ ಕಾಗದ ತೆಗೆದುಕೊಂಡು ಮಡಚಿ ದಿಂಬಿನ ಕೆಳಗಿಟ್ಟೆ.

ಆಮೇಲಿನ ದಿನಗಳು ಸಣ್ಣವು. ಬೆಳಿಗ್ಗೆ ಐದೂವರೆಗೆ ಥೈರಾಯ್ಡ್ ಗುಳಿಗೆ, ಖಾಲಿ ಹೊಟ್ಟೆಯಲ್ಲಿ. ಅರ್ಧ ತಾಸು ಚಹಾ ಇಲ್ಲ. ಆ ಅರ್ಧ ತಾಸು ಮೊದಲು ಖರಜಕ್ಕೆ ಕೂರುತ್ತಿದ್ದ ಹೊತ್ತು. ಈಗ ಗೋಡೆಗೆ ಎರಡೂ ಅಂಗೈ ಒತ್ತಿ ‘ಆ’ ಎನ್ನಬೇಕು, ದನಿಯ ವ್ಯಾಯಾಮ. ಹೈದರಾಬಾದಿಗೆ ಕೊನೆಗೂ ಹೋದೆ, ವಿಕಿರಣದ ಅಯೋಡಿನ್ ಔಷಧ ಕುಡಿಯಲು. ಮೂರು ದಿನ ಒಂಟಿ ಕೋಣೆ, ಊಟದ ತಟ್ಟೆಯನ್ನು ಬಾಗಿಲಲ್ಲಿ ಇಟ್ಟು ಓಡುವರು. ನಾನು ಮುಟ್ಟಬಾರದವಳು. ಮೂರು ದಿನ ಯಾರ ಹಿಂದೆಯೂ ಕೂರದೆ ಇದ್ದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.

ಮನೆಯಲ್ಲಿ ನನ್ನ ಕೂಗು ಯಾರಿಗೂ ಕೇಳಿಸದೆ, ಒಂದು ದಿನ ಒಲೆಯ ಮೇಲಿನ ಹಾಲು ಉಕ್ಕಿ ನಾನು ಕೈ ಸುಟ್ಟುಕೊಂಡಾಗ, ನಮ್ಮವರು ತಮ್ಮ ಹಳೆಯ ಸೀಟಿ ತಂದು ದಾರಕ್ಕೆ ಪೋಣಿಸಿ ನನ್ನ ಕೊರಳಿಗೆ ಹಾಕಿದರು.

“ಒಂದು ಊದಿದ್ರ ನಿಲ್ಲು. ಎರಡು ಊದಿದ್ರ ಹೋಗು. ನಾ ಜಲ್ಮಾ ಪೂರ್ತಿ ಊದೀನಿ, ಈಗ ನಾನ ಕೇಳ್ತೀನಿ.”

ನಕ್ಕೆ. ನಗುವಿಗೂ ಸದ್ದಿಲ್ಲ. ಆದರೆ ಹೊಟ್ಟೆ ಕುಣಿಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬ ಕಾಲೇಜಿನ ಮೇಷ್ಟ್ರು ಬಂದರು. ಲಿಂಗಸುಗೂರಿನಲ್ಲಿ ಅಕ್ಕನಿಗೆ ಸನ್ಮಾನವಂತೆ, ಆ ದಿನ ಅವಳ ಜೀವನ ಚರಿತ್ರೆಯ ಹಸ್ತಪ್ರತಿಯನ್ನು ವೇದಿಕೆಯಲ್ಲಿ ಒಪ್ಪಿಸುವುದಂತೆ. ಅಕ್ಕ ನನ್ನ ನೋಟ್‌ಬುಕ್ಕುಗಳನ್ನು ಅವರ ಮುಂದೆ ಇಟ್ಟಳು. ಎರಡು ವಾರ ಬಂದು ಕೂತು ಓದಿದರು. ನಾನು ಚಹಾ ಕೊಟ್ಟೆ.

“ಅಮ್ಮಾರ, ನೀವು ಇಲ್ಲದಿದ್ರ ಈ ಪುಸ್ತಕ ಇಲ್ರಿ,” ಎಂದು ಕೊನೆಯ ದಿನ ಒಂದು ಪುಟ ಓದಿ ಹೇಳಿದರು. ಅರವತ್ತರ ನಂತರವೂ ಅವರ ಮೇಲಿನ ಷಡ್ಜ ಅಲುಗಲಿಲ್ಲ, ಇದಕ್ಕೆ ಕಛೇರಿ ಕಛೇರಿಗೂ ಸೋದರಿ ಬರೆದಿಟ್ಟ ಮಾತೇ ಸಾಕ್ಷಿ ಎಂದಿತ್ತು ಅದರಲ್ಲಿ.

ನನ್ನ ಕೈಬರಹ. ನಾನೇ ಸಾಕ್ಷಿ. ನನ್ನ ದನಿ ಇತ್ತೆಂಬುದಕ್ಕೆ ಈ ಲೋಕದಲ್ಲಿ ಎಲ್ಲಿಯೂ ಗುರುತಿಲ್ಲ. ಇರುವ ಧ್ವನಿಮುದ್ರಣಗಳ ಮೇಲೆ ಅಕ್ಕನ ಹೆಸರು, ಇರುವ ಬರಹ ಅಕ್ಕನ ಪರ.

ಮೇಷ್ಟ್ರು ಹೋದ ಮೇಲೆ ನಾನು ಪೆನ್ನು ತೆಗೆದುಕೊಂಡು, ಮಸ್ಕಿಯ ಆ ಕಛೇರಿಯ ಪುಟ ತೆರೆದು, ಕೊನೆಯ ಸಾಲಿನ ಪಕ್ಕ ನನ್ನ ಹೆಸರು ಬರೆದೆ. ಮುಂದಿನ ಪುಟಕ್ಕೂ. ನಾಲ್ಕನೆಯದಕ್ಕೆ ಬರುವಾಗ ಅಕ್ಕ ಹಿಂದೆ ನಿಂತಿದ್ದಳು.

“ಏನ್ ಮಾಡಾಕತ್ತೀಬೇ?”

“ಖರೆ ಇದ್ದದ್ದು ಬರ್ಯಾಕತ್ತೀನಿ,” ಎಂದೆ. ಪಿಸುಮಾತಿನಲ್ಲಿ ಸಿಟ್ಟು ಎಷ್ಟು ನಗೆಪಾಟಲಾಗಿ ಕೇಳುತ್ತದೆಂದು ಆ ದಿನ ಗೊತ್ತಾಯಿತು.

“ಆ ದನಿ ಕಟ್ಟಿದಾಕಿ ಯಾರು? ತೊಡಿ ಮ್ಯಾಲ ಹಾಕ್ಕೊಂಡು ಸ್ವರ ಹಾಕಿದಾಕಿ ಯಾರು? ನಿನ್ನ ದನಿ ಅಂತ, ನಿಂದು!”

“ಡಾಕ್ಟರಿಗೆ ಒಂದು ಮಾತು ಅಂದಿದ್ರ...”

“ನೀ ಅನ್ನಬೇಕಿತ್ತು! ನನಗೇನು ಗೊತ್ತಿತ್ತು ಹಿಂಗಾಗತೈತಿ ಅಂತ!” ಆಮೇಲೆ ಅವಳು ಅನ್ನಬಾರದ್ದನ್ನು ಅಂದಳು. “ಬರಿ. ಬೇಕಾದ್ರ ದೊಡ್ಡ ಅಕ್ಷರದಾಗ ಬರಿ. ನಾಳೆ ಯಾರರ ಹಾಡಿ ತೋರ್ಸು ಅಂದ್ರ ಏನು ತೋರಸ್ತೀ?”

ಅಂದ ಕೂಡಲೇ ಅವಳ ಕೈ ಅವಳ ಬಾಯಿಗೇ ಹೋಯಿತು. ನಾನು ಕೊರಳಿನ ಸೀಟಿ ತೆಗೆದು ಊದಿದೆ. ಎರಡು ಸಲ. ಕಂಡಕ್ಟರ ಮನೆಯಲ್ಲಿ ಅದರ ಅರ್ಥ ಅವಳಿಗೂ ಗೊತ್ತು. ಹೋದಳು.

ನಾಲ್ಕು ದಿನ ಮಾತಿಲ್ಲ. ಮುಂದಿನ ಕೋಣೆಯಲ್ಲಿ ಅಕ್ಕ ತಾನೇ ತಂಬೂರಿ ಶ್ರುತಿ ಮಾಡುತ್ತಿದ್ದಳು. ಅವಳ ಬೆರಳುಗಳಿಗೆ ಈಗ ಸಂಧಿವಾತ, ಬಿರಡೆ ತಿರುವಲು ಬಾರದು. ಪಂಚಮದ ತಂತಿ ಸದಾ ಕೂದಲಷ್ಟು ಇಳಿದೇ ಇರುತ್ತಿತ್ತು. ಗೋಡೆಯ ಆಚೆ ಅದನ್ನು ಕೇಳುತ್ತ ರೊಟ್ಟಿ ಬಡಿಯುವುದು ಹಲ್ಲು ನೋವಿನ ಹಾಗೆ. ಐದನೆಯ ದಿನ ಹೋಗಿ, ಮಾತಾಡದೆ, ಅವಳ ಕೈಯಿಂದ ತಂಬೂರಿ ತೆಗೆದುಕೊಂಡು ಸರಿಮಾಡಿದೆ.

“ಲಿಂಗಸುಗೂರಿಗೆ ಬರ್ತೀಯೇನು?” ಎಂದಳು, ಬೇರೆ ಕಡೆ ನೋಡುತ್ತ.

ತಲೆ ಆಡಿಸಿದೆ. ಕರುಣೆಯಿಂದ ಹೋದೆನೆಂದು ತಿಳಿಯಬೇಡಿ. ಆ ಸ್ವರ ಬರುವ ಜಾಗದಲ್ಲಿ ಏನಾಗುತ್ತದೆಂದು ನನಗೆ ನೋಡಬೇಕಿತ್ತು.

ನಮ್ಮವರ ಬಸ್ಸಿನಲ್ಲೇ ಹೊರಟೆವು. ಮಸ್ಕಿ ದಾಟುವಾಗ ಅಕ್ಕ ಕಿಟಕಿಯಿಂದ ಮುಖ ತಿರುಗಿಸಿಕೊಂಡಳು. ಬೆಳಗಿನ ಕಛೇರಿ, ಸಭಾಂಗಣ ತುಂಬಿತ್ತು. ಮೈಕಿನವನು ಹಳಬನೇ. “ತಂಬೂರಿ ಮೈಕು ಎಲ್ಲಿಡ್ಲಿರಿ ಬಾಯಾರ?” ಎಂದ. ಅಕ್ಕ ಒಂದು ಗಳಿಗೆ ನನ್ನ ಕುತ್ತಿಗೆಯ ಗೆರೆ ನೋಡಿದಳು.

“ಮೊದಲಿನಂಗ ಇಡು,” ಎಂದಳು.

ಜೌನಪುರಿ ರಾಗ ಎತ್ತಿಕೊಂಡಳು. ಸುಳ್ಳು ಹೇಳಲಾರೆ, ಚೆನ್ನಾಗಿ ಹಾಡಿದಳು. ಕೆಳಗಿನ ಸ್ವರಗಳಲ್ಲಿ ಅವಳಷ್ಟು ತೂಕದವರು ಈಗಲೂ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುತ್ತ, ಮೇಲಿನ ಸಾಗಿಂತ ಒಂದೇ ಮೆಟ್ಟಿಲು ಕೆಳಗಿನ ನಿಷಾದಕ್ಕೆ ಬಂದು ನಿಂತಳು. ಜನ ಮುಂದಕ್ಕೆ ಬಾಗಿದರು. ಅಕ್ಕ ತುಸು ಹಿಂದಕ್ಕೆ ವಾಲಿದಳು. ಎಡಗೈ ಬಿಚ್ಚಿತು.

ನನ್ನ ದನಿ ಹೋದದ್ದನ್ನು ಮರೆತಿದ್ದಳು. ಅಥವಾ ಅವಳ ದೇಹ ಹಳೆಯ ರೂಢಿಯನ್ನು ಮರೆತಿರಲಿಲ್ಲ. ನನ್ನದೂ. ಬಾಯಿ ತೆರೆದು, ಹೊಟ್ಟೆಯಿಂದ ಉಸಿರೆತ್ತಿ, ಪೂರ್ತಿ ಬಲ ಹಾಕಿ ಆ ಸಾ ಸ್ವರವನ್ನು ಹಾಡಿದೆ. ಗದ್ದದ ಹತ್ತಿರದ ಮೈಕಿನಲ್ಲಿ ‘ಹಾ’ ಎಂಬ ಗಾಳಿ ಹೋಗಿ ಸಭಾಂಗಣದ ನಾಲ್ಕೂ ಸ್ಪೀಕರ್ ಪೆಟ್ಟಿಗೆಗಳಿಂದ ಹೊರಬಂತು. ಅದರ ಕೆಳಗೆ ತಂಬೂರಿ. ಇನ್ನೇನಿಲ್ಲ. ಅಕ್ಕ ಬಾಯಿ ತೆರೆದೇ ಇದ್ದಳು, ಕಣ್ಣು ಮುಚ್ಚಿ.

ಆಮೇಲೆ ಚಪ್ಪಾಳೆ. ಯಾವಾಗಿನಷ್ಟೇ ದೊಡ್ಡದು. ಆ ಜಾಗದಲ್ಲಿ ತಟ್ಟಿ ತಟ್ಟಿ ರೂಢಿಯಾಗಿತ್ತು ಅವರಿಗೆ. ಇಲ್ಲದ ಸ್ವರವನ್ನೂ ಕೇಳಿಸಿಕೊಂಡರು. ಹಾಗಾದರೆ ಏಳೆಂಟು ವರ್ಷ ನಾನು ಯಾಕೆ ಹಾಡಿದೆ?

ಮುಂದಿನ ಸಾಲಿನಲ್ಲಿ ಒಬ್ಬರು ಮಾತ್ರ ತಟ್ಟಲಿಲ್ಲ. ಡಾಕ್ಟರು. ಎರಡೂ ಕೈ ಅರ್ಧಕ್ಕೆ ಎತ್ತಿ ಹಾಗೇ ಹಿಡಿದು, ಅಕ್ಕನನ್ನು ಬಿಟ್ಟು ಅವಳ ಭುಜದ ಹಿಂದೆ, ಇನ್ನೂ ತೆರೆದಿದ್ದ ನನ್ನ ಬಾಯಿಯನ್ನು ನೋಡುತ್ತಿದ್ದರು.

ಊಟದ ಹೊತ್ತಿನಲ್ಲಿ ನಾನು ಕೈ ತೊಳೆಯುವ ಕಡೆ ಬಂದರು. ಅವರ ಮುಖ ನನ್ನ ಹೊಲಿಗೆಗಿಂತ ಕೆಟ್ಟದಾಗಿತ್ತು.

“ಅಮ್ಮಾರ, ಅವತ್ತ ನೀವು ಯಾಕ ಹೇಳಲಿಲ್ರಿ?”

“ನೀವು ಅಕ್ಕನ್ನ ಭಾಳ ಹೊಗಳಿದ್ರಿ,” ಎಂದೆ. ಅವರು ತಲೆ ತಗ್ಗಿಸಿ ನಲ್ಲಿಯನ್ನು ಸುಮ್ಮನೆ ತಿರುವುತ್ತ ನಿಂತರು. ನೀರು ಹರಿಯಿತು.

ವಾಪಸು ಬಸ್ಸಿನಲ್ಲಿ ಮೂವತ್ತೆರಡನೆಯ ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು ಬರೆದೆ. ಲಿಂಗಸುಗೂರು, ಬೆಳಿಗ್ಗೆ. ಜೌನಪುರಿ. ಹಸಿರು ಇಳಕಲ್ ಸೀರೆ. ಅರ್ಧ ಬಟ್ಟಲು ಉಪ್ಪಿಟ್ಟು, ಬಿಸಿನೀರು. ಗಂಟಲು ಸ್ವಚ್ಛ. ಮೇಲಿನ ಸಾ: ಬರಲಿಲ್ಲ. ಇಷ್ಟು ವರ್ಷ ಅದನ್ನು ಹಾಡಿದ ಕಮಲಳಿಗೆ ಈಗ ದನಿ ಇಲ್ಲ.

ಅಕ್ಕ ಕೈ ಚಾಚಿದಳು, ಕೊಟ್ಟೆ. ಕನ್ನಡಕ ಏರಿಸಿಕೊಂಡು ಓದಿದಳು. ಬಸ್ಸು ಕುಲುಕುತ್ತಿತ್ತು, ಬೆರಳಿಟ್ಟು ಮತ್ತೊಮ್ಮೆ ಓದಿದಳು. ಹರಿ ಎನ್ನಲಿಲ್ಲ, ಅಳಿಸು ಎನ್ನಲಿಲ್ಲ. ಮುಚ್ಚಿ ತನ್ನ ಕೈಚೀಲದಲ್ಲಿ ಇಟ್ಟುಕೊಂಡು ಜಿಪ್ಪು ಎಳೆದಳು. ಮೇಷ್ಟ್ರು ಎರಡು ಸಲ ಬಂದು ಕೊನೆಯ ನೋಟ್‌ಬುಕ್ಕು ಕೇಳಿದರು. ಸಿಗುತ್ತಿಲ್ಲ ಎಂದಳು. ಅದು ಇನ್ನೂ ಅವಳ ಚೀಲದಲ್ಲೇ ಇದೆ.

ಅದಕ್ಕೇ ಇದನ್ನು ಇಲ್ಲಿ ಬರೆದೆ.